ಭಜನೆಗೆ ಬಂದ ತೋಳ

ಐವತ್ತು ದಾಟಿದ ಗಂಡಸಿಗೆ ಮಂಡಿನೋವು ಬರಬೇಕು, ಸಕ್ಕರೆ ಕಾಯಿಲೆ ಬರಬೇಕು. ನನಗೆ ಮೆಟಲ್ ಸಂಗೀತ ಬಂತು. ಅಂಟಿಸಿದವನು ನಮ್ಮ ನೋಯ್ಡಾ ಅಪಾರ್ಟ್‌ಮೆಂಟಿನ ಮೇಲ್ಮನೆ ಹುಡುಗ. "ಅಂಕಲ್, ಜಾನಪದ ಅಂದ್ರೆ ಪ್ರಾಣ ಅಂತೀರಲ್ಲ, ಇದು ಫೋಕ್ ಮೆಟಲ್" ಎಂದು ಬ್ಲಡಿವುಡ್ ಕೇಳಿಸಿದ. ದಿಲ್ಲಿಯದೇ ತಂಡ. ವಕೀಲಿಕೆ ಬಿಟ್ಟ ಕರಣ್ ಕಟಿಯಾರ್, ಗಾಯಕ ಜಯಂತ್ ಭಡುಲಾ ಸೇರಿ 2016ರಲ್ಲಿ ಜನಪ್ರಿಯ ಹಾಡುಗಳನ್ನು ಮೆಟಲ್ಲಿಗೆ ತಿರುಚುವ ತಮಾಷೆಯಲ್ಲಿ ಶುರುಮಾಡಿ, 2019ರಲ್ಲಿ ಜರ್ಮನಿಯ ವಾಕನ್ ಉತ್ಸವದವರೆಗೆ ಹೋದವರು. ಗಿಟಾರಿನ ಅಬ್ಬರದ ನಡುವೆ ಢೋಲು, ಕೊಳಲು! ನನ್ನ ತಲೆ ತಾನಾಗಿ ಅಲ್ಲಾಡತೊಡಗಿತು. "ಏನ್ರೀ, ಕುತ್ತಿಗೆ ಉಳುಕಿತಾ?" ಎನ್ನುತ್ತ ಹೆಂಡತಿ ಅಮೃತಾಂಜನ ತಂದಳು.

ಅರ್ಧ ಕಲಿತವನ ಅಬ್ಬರ ಹೆಚ್ಚು. 2011ರ ಅಕ್ಟೋಬರಿನಲ್ಲಿ ಗುರುಗ್ರಾಮದಲ್ಲಿ ಮೆಟಾಲಿಕಾ ಕಾರ್ಯಕ್ರಮ ರದ್ದಾಗಿ ಜನ ರೊಚ್ಚಿಗೆದ್ದದ್ದು, ಎರಡೇ ದಿನಕ್ಕೆ ಅದೇ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದ್ದು, ಎಲ್ಲವನ್ನೂ ಆಫೀಸಿನ ಕ್ಯಾಂಟೀನಿನಲ್ಲಿ ನಾನೇ ಮುಂದೆ ನಿಂತು ನಡೆಸಿಕೊಟ್ಟಂತೆ ವರ್ಣಿಸಿದೆ. 2011ರಲ್ಲಿ ನನ್ನ ಪಾಲಿಗೆ ಮೆಟಾಲಿಕಾ ಎಂದರೆ ಯಾವುದೋ ಸ್ಟೀಲ್ ಪಾತ್ರೆಯ ಕಂಪನಿ.

ಮುಂದಿನ ಪಾಠ ಪ್ರೊಗ್ರೆಸಿವ್ ಮೆಟಲ್. ಅದಕ್ಕೂ ದಿಲ್ಲಿಯಲ್ಲೇ ಹುಟ್ಟಿದ ಸ್ಕೈಹಾರ್ಬರ್ ಇದೆ. ಈ ಪಂಥದವರಿಗೆ ನಾಲ್ಕರ ನೇರ ಎಣಿಕೆ ಸಪ್ಪೆ. ಬ್ಲೂ ಲೈನ್ ಮೆಟ್ರೊದಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದೆ. ಏಳರ ಲೆಕ್ಕ ಸಿಕ್ಕಿತೆಂದು ಮಿಶ್ರಛಾಪು ಹಾಕತೊಡಗಿದರೆ, ಹಾಡು ನಡುವೆಯೇ ಐದಕ್ಕೆ ಜಾರಿತು. ಹಿಡಿಯಲು ಹೋಗಿ ನನ್ನ ಕೈಯೂ ಜಾರಿತು. "ಭಾಯಿ ಸಾಹಬ್, ಯೇ ಮೇರಿ ಟಾಂಗ್ ಹೈ," ಎಂದ ಪಕ್ಕದವ.

ಬ್ಲ್ಯಾಕ್ ಮೆಟಲ್ ಕಲಿಯಲು ಕರಾವಳಿಯವನಿಗೆ ಕಷ್ಟವೇನು ಎಂದುಕೊಂಡೆ. ನಾರ್ವೆಯವರು ಮುಖಕ್ಕೆ ಕಪ್ಪು-ಬಿಳಿ ಬಳಿದುಕೊಂಡು ಕಿರುಚುತ್ತಾರೆ. ನಮ್ಮ ಯಕ್ಷಗಾನದ ಬಣ್ಣದ ವೇಷ ಚುಟ್ಟಿ ಇಟ್ಟುಕೊಂಡು, ಚೆಂಡೆಯ ಪೆಟ್ಟಿಗೆ ಇದಕ್ಕಿಂತ ಜೋರಾಗಿ ಆರ್ಭಟಿಸುತ್ತದೆ. ಇವರ ಡ್ರಮ್ಮಿಗೆ ಬ್ಲಾಸ್ಟ್ ಬೀಟ್ ಎನ್ನುತ್ತಾರೆ: ಉಸಿರು ಬಿಡದೆ ಒಂದೇ ಸಮನೆ ದಬದಬ. ಹುಡುಗ ಉಲ್ವರ್ ತಂಡವನ್ನು ಶಿಫಾರಸು ಮಾಡಿದ. ಅವರ 1996ರ 'ಕ್ವೆಲ್ಡ್‌ಸಾಂಗರ್' ಆಲ್ಬಮ್ಮಿನಲ್ಲಿ ಡ್ರಮ್ಮಿನ ಅಬ್ಬರವೂ ಇಲ್ಲ, ಕಿರುಚಾಟವೂ ಇಲ್ಲ; ತಂತಿ ಮೀಟುವ ಗಿಟಾರು, ಚೆಲ್ಲೊ, ಮೆಲ್ಲನೆಯ ಮೇಳಗಾಯನ.

ನಮ್ಮ ಸೊಸೈಟಿ ಕನ್ನಡಿಗರ ಶನಿವಾರದ ಭಜನೆ ಮುಗಿದು ಪ್ರಸಾದ ಹಂಚುವಾಗ ಅದನ್ನೇ ಸ್ಪೀಕರಿಗೆ ಹಾಕಿದೆ. "ನಾರ್ವೆಯ ಜಾನಪದ," ಎಂದೆ. "ಎಷ್ಟು ಭಕ್ತಿ ಇದೆ ನೋಡಿ," ಎಂದರು ಕಾರ್ಯದರ್ಶಿ. ನಾನು ಉಬ್ಬಿ ಕಾಫಿ ತರಲು ಹೋದೆ. ಹಾಡುಗಳು ಮುಗಿದವು. ಆ್ಯಪ್ ತಾನಾಗಿ ಅದೇ ತಂಡದ 1997ರ ಆಲ್ಬಮ್ಮಿಗೆ ದಾಟಿತು.

ಅದು ಉಲ್ವರ್‌ನವರು ಬೇಕೆಂದೇ ಒರಟಾಗಿ ಧ್ವನಿಮುದ್ರಿಸಿದ ಅಪ್ಪಟ ಬ್ಲ್ಯಾಕ್ ಮೆಟಲ್. ಹಾಲಿನಲ್ಲಿ ಗರಗಸದ ಮಿಲ್ಲು ತೆರೆದಂತಾಯಿತು. "ಸ್ಪೀಕರ್ ಸುಟ್ಟೋಯ್ತು, ಮೇನ್ ತೆಗೀರೋ!" ಎಂದು ಅಜ್ಜಿಯೊಬ್ಬರು ಕೂಗಿದರು. ಯಾರೋ ಓಡಿಹೋಗಿ ತೆಗೆದರು. ಕಗ್ಗತ್ತಲು. ಸ್ಪೀಕರ್ ಮಾತ್ರ ಬ್ಯಾಟರಿಯದು. ಕತ್ತಲಲ್ಲಿ ಇನ್ನೂ ಹುರುಪಿನಿಂದ ಊಳಿಟ್ಟಿತು. ಮೊಬೈಲು ನನ್ನ ಜೇಬಿನಲ್ಲಿತ್ತು, ಎರಡೂ ಕೈಯಲ್ಲಿ ಕಾಫಿ ಲೋಟಗಳಿದ್ದವು. ಅವನ್ನು ಎಲ್ಲಿಟ್ಟೆನೆಂಬುದು ದೀಪ ಬಂದ ಮೇಲೆ ಕಾರ್ಯದರ್ಶಿಗಳ ಬಿಳಿ ಪಂಚೆ ನೋಡಿ ತಿಳಿಯಿತು.

ಹುಡುಗ ನನ್ನ ಪರ ವಾದಿಸಿದ. "ಆ ಆಲ್ಬಮ್ಮಿನಲ್ಲಿರೋದು ತೋಳಕ್ಕೆ ಎಂಟು ಸ್ತುತಿಗೀತೆ, ಅದೂ ಭಜನೆಯೇ ಅಂಕಲ್." ವಾದ ಗೆಲ್ಲಲಿಲ್ಲ.

ನನ್ನನ್ನು ಸಂಗೀತದ ಉಸ್ತುವಾರಿಯಿಂದ ಕೋಸಂಬರಿಗೆ ವರ್ಗ ಮಾಡಿದ್ದಾರೆ. ಸೌತೆಕಾಯಿ ಹೆಚ್ಚುವಾಗ ಇಯರ್‌ಫೋನ್ ಹಾಕಿಕೊಳ್ಳಲು ಅಡ್ಡಿಯಿಲ್ಲ. ಬ್ಲಾಸ್ಟ್ ಬೀಟ್ ಬಂದಾಗ ನನ್ನ ಚಾಕುವಿನ ವೇಗ ಕಂಡು, ಈ ಮನುಷ್ಯ ಹಿಂದೆ ಮದುವೆ ಅಡುಗೆಗೆ ಹೋಗುತ್ತಿದ್ದನೇ ಎಂದು ವಿಚಾರಿಸುತ್ತಿದ್ದಾರಂತೆ.