ಕನ್ನನಿರೋಧ ಶಾಸ್ತ್ರ: ಒಂದು ಲಘು ವ್ಯಾಖ್ಯಾನ

ಶಾಸ್ತ್ರವೆಂದ ಮೇಲೆ ಅದನ್ನು ಓದಲು ಯಾರು ಅಧಿಕಾರಿ ಎಂಬುದು ಮೊದಲು ನಿರ್ಣಯವಾಗಬೇಕು. ಒಂದು ಸ್ಮಾರ್ಟ್‌ಫೋನು, ಎರಡು ಬ್ಯಾಂಕ್ ಖಾತೆ, ಮರೆತುಹೋದ ಮೂರು ಇಮೇಲ್ ವಿಳಾಸ, ಜೊತೆಗೆ ‘ನಮ್ಮ ಕಂಪ್ಯೂಟರಿನಲ್ಲಿ ಕದಿಯೋವಂಥದ್ದು ಏನಿದೆ ಮಹಾ?’ ಎಂಬ ಅಚಲ ವಿಶ್ವಾಸ, ಇಷ್ಟಿರುವ ಗೃಹಸ್ಥನೇ ಇದಕ್ಕೆ ಅಧಿಕಾರಿ. ಸಂನ್ಯಾಸಿಗಳಿಗೆ ಇದರಿಂದ ವಿನಾಯಿತಿ ಇತ್ತು. ಕಾಣಿಕೆ ಹುಂಡಿಯ ಪಕ್ಕ ಕ್ಯೂಆರ್ ಕೋಡ್ ಅಂಟಿಸಿದಂದಿನಿಂದ ಅದು ರದ್ದಾಗಿದೆ.

ಇನ್ನು ಪರಂಪರೆಯ ವಿಚಾರ. ನಮ್ಮಲ್ಲಿ ಕದಿಯುವುದಕ್ಕೆ ಶಾಸ್ತ್ರವಿತ್ತು, ಕದಿಸಿಕೊಳ್ಳದಿರುವುದಕ್ಕೆ ಇರಲಿಲ್ಲ. ಶೂದ್ರಕನ ಮೃಚ್ಛಕಟಿಕದ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನ ಕೊರೆಯುವ ಮುನ್ನ ಸುಟ್ಟ ಇಟ್ಟಿಗೆಗೆ ಯಾವ ವಿಧಾನ, ಹಸಿ ಇಟ್ಟಿಗೆಗೆ ಯಾವುದು, ಕಿಂಡಿ ಅರಳಿದ ತಾವರೆಯ ಆಕಾರದಲ್ಲಿರಲೋ ಪೂರ್ಣಕುಂಭದಂತಿರಲೋ ಎಂದು ಪಂಡಿತನ ಹಾಗೆ ವಿಚಾರ ಮಾಡುತ್ತಾನೆ. ಅಳತೆಯ ದಾರ ಮರೆತು ಬಂದಿದ್ದಾನೆ, ಜನಿವಾರದಲ್ಲೇ ಅಳೆಯುತ್ತಾನೆ. ಒಳಗಿನವರು ಎದ್ದಿದ್ದಾರೋ ಮಲಗಿದ್ದಾರೋ ತಿಳಿಯಲು ಮೊದಲೊಂದು ಬೊಂಬೆಯನ್ನು ಒಳಕ್ಕೆ ತೂರಿಸಿ ನೋಡುತ್ತಾನೆ. ಅಪರಿಚಿತ ನಂಬರಿನಿಂದ ಬರುವ ‘ಹಾಯ್’ ಎಂಬ ಸಂದೇಶ ಆ ಬೊಂಬೆಯ ಪುನರವತಾರವೆಂಬುದು ಪ್ರಸ್ತುತ ವ್ಯಾಖ್ಯಾನಕಾರನ ಸ್ವಂತ ಶೋಧ. (ಇದಕ್ಕೆ ಗೌರವ ಡಾಕ್ಟರೇಟ್ ಕೊಡುತ್ತೇವೆಂದು ಒಂದು ಇಮೇಲ್ ಬಂದಿದೆ. ಸಂಸ್ಕರಣಾ ಶುಲ್ಕ ಕೇಳಿದ್ದಾರೆ.) ಬೆಳಗಾದ ಮೇಲೆ ಚಾರುದತ್ತನು ಬೊಬ್ಬೆ ಹಾಕುವುದಿಲ್ಲ, ಕನ್ನದ ಕುಸುರಿ ಕೆಲಸವನ್ನು ಮೆಚ್ಚಿಕೊಳ್ಳುತ್ತಾನೆ. ಕಳ್ಳನೂ ಒಡೆಯನೂ ಅಷ್ಟು ಸುಸಂಸ್ಕೃತರಾಗಿದ್ದ ಕಾಲ ಅದು.

ಈ ಸಭ್ಯತೆ ಕಂಪ್ಯೂಟರ್ ಯುಗದ ಆರಂಭದಲ್ಲಿ ಒಂದಿಷ್ಟು ಉಳಿದಿತ್ತು. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ತಮ್ಮ ಸಾಫ್ಟ್‌ವೇರನ್ನು ಪುಕ್ಕಟೆ ನಕಲು ಮಾಡುವವರ ಮೇಲೆ ಸಿಟ್ಟಾಗಿ ‘ಬ್ರೈನ್’ ಎಂಬ ವೈರಸ್ ಬರೆದರು. ಅದರೊಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರು ಎಲ್ಲವನ್ನೂ ನಮೂದಿಸಿದ್ದರು. ಇವತ್ತಿನವರು ವಿಳಾಸ ಕೊಡುವುದಿಲ್ಲ. ನಮ್ಮದನ್ನು ಕೇಳುತ್ತಾರೆ, ನಾವು ಪಿನ್‌ಕೋಡ್ ಸಮೇತ ಕೊಡುತ್ತೇವೆ.

ಶಾಸ್ತ್ರದ ಮೊದಲ ಸೂತ್ರ: ‘ಗೋಡೆಗಲ್ಲ, ಗೃಹಸ್ಥನಿಗೆ.’ ಸೂತ್ರಕಾರರು ಮಿತಭಾಷಿಗಳು. ಏನು ಎಂದು ಹೇಳಿಲ್ಲ, ‘ಕನ್ನ’ ಎಂದು ನಾವೇ ತುಂಬಿಕೊಳ್ಳಬೇಕು. ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ‘ನಮ್ಮ ಮನೆ ಕಂಪ್ಯೂಟರಿಗೆ ಆಂಟಿವೈರಸ್ ಇದೆ, ಬೀದಿ ಕೊನೆಯ ಅಂಗಡಿ ಹುಡುಗ ಹಾಕಿಕೊಟ್ಟಿದ್ದಾನೆ.’ ಉತ್ತರ: ಅದು ಕಳ್ಳ ಪ್ರತಿ. ಕಳ್ಳನನ್ನು ತಡೆಯಲು ಕದ್ದು ತಂದ ಕಾವಲುಗಾರನನ್ನು ನಿಲ್ಲಿಸಿದ ಕೀರ್ತಿ ನಿಮ್ಮದು. ಪೂರ್ವಪಕ್ಷಿ ಮತ್ತೆ: ‘ಹಾಗಾದರೆ ಅಪ್‌ಡೇಟ್?’ ಬರುತ್ತದೆ ಸ್ವಾಮಿ, ನೀವು ‘ಆಮೇಲೆ ನೆನಪಿಸು’ ಒತ್ತುತ್ತೀರಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಹಾಕಿ ಒತ್ತೆಹಣ ಕೇಳಿತಲ್ಲ, ಅದು ನುಗ್ಗಿದ ಕಿಂಡಿಗೆ ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ತೇಪೆ ಕಳಿಸಿತ್ತು. ರೋಗಕ್ಕಿಂತ ಎರಡು ತಿಂಗಳು ಮೊದಲೇ ಔಷಧ ಬಂದು, ಬಾಗಿಲಲ್ಲಿ ನಿಂತು, ವಾಪಸು ಹೋದ ಪ್ರಸಂಗ ವೈದ್ಯಶಾಸ್ತ್ರದಲ್ಲೂ ವಿರಳ.

ಎರಡನೆಯ ಸೂತ್ರ ಪಾಸ್‌ವರ್ಡನ್ನು ಕುರಿತದ್ದು: ‘ತನಗೆ ಮರೆಯದು, ಪರರಿಗೆ ಹೊಳೆಯದು.’ ಕೇಳಲು ಸುಲಭ. ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ. 1962ರಲ್ಲೇ ಅಲ್ಲಿನ ಸಂಶೋಧನಾ ವಿದ್ಯಾರ್ಥಿಯೊಬ್ಬ ತನಗೆ ಕೊಟ್ಟ ಯಂತ್ರಸಮಯ ಸಾಲದೆಂದು ಎಲ್ಲರ ಪಾಸ್‌ವರ್ಡುಗಳನ್ನೂ ಮುದ್ರಿಸಿಕೊಂಡ. ಬೀಗವೂ ಕಳ್ಳಕೀಲಿಯೂ ಹೆಚ್ಚುಕಡಿಮೆ ಅವಳಿಗಳು. ಅಂಕಿಗಳಲ್ಲಿ ಅಕ್ಷರ ಅಡಗಿಸುವ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ಕುಮುದೇಂದು ಮುನಿಯದೆನ್ನುವ ಸಿರಿಭೂವಲಯದಲ್ಲಿ 27 ಸಾಲು, 27 ಕಂಬಸಾಲುಗಳ ಚಕ್ರ, ಅದರ ತುಂಬ 1ರಿಂದ 64ರವರೆಗಿನ ಅಂಕಿಗಳು. ಅಂಥ ನಾಡಿನವರು ಇಂದು ಆರಿಸಿಕೊಳ್ಳುವ ಗೂಢಾಂಕ 123456. ಇದು ನಮ್ಮೊಬ್ಬರ ದೌರ್ಬಲ್ಯವಲ್ಲ ಎಂಬ ಸಮಾಧಾನವಿದೆ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡುಗಳು ಸೋರಿಹೋದಾಗ ಸುಮಾರು 2 ಲಕ್ಷ 90 ಸಾವಿರ ಜನ ಇದೇ ಅಂಕಿಯನ್ನು ನೆಚ್ಚಿಕೊಂಡಿದ್ದು ಬಯಲಾಯಿತು. ನಮ್ಮವರು ಒಂದು ಹೆಜ್ಜೆ ಮುಂದೆ ಹೋಗಿ ಮನೆದೇವರ ಹೆಸರು, ಒಂದು ಅಟ್ ಚಿಹ್ನೆ, ಅದರ ಪಕ್ಕ 123 ಇಡುತ್ತಾರೆ. ದೇವರು ಕಾಯುತ್ತಾನೆ ನಿಜ. ಆದರೆ ನಿಮ್ಮ ಮನೆದೇವರು ಯಾರೆಂಬುದು ಫೇಸ್‌ಬುಕ್ಕಿನಲ್ಲಿ ಊರಿಗೆಲ್ಲ ಗೊತ್ತು.

ಪಾಸ್‌ವರ್ಡ್ ಎಷ್ಟಿರಬೇಕು ಎಂಬಲ್ಲಿ ಮತಭೇದವಿದೆ. ಬ್ಯಾಂಕಿಗೂ ಸಿನಿಮಾ ಟಿಕೆಟಿಗೂ ಒಂದೇ ಸಾಕು, ಉಳಿದದ್ದೆಲ್ಲ ಮಾಯೆ ಎನ್ನುವವರು ಅದ್ವೈತಿಗಳು. ಬ್ಯಾಂಕಿನದು ಬೇರೆ, ಮಿಕ್ಕ ಲೋಕದ್ದು ಬೇರೆ, ಭೇದವೇ ಸತ್ಯ ಎನ್ನುವವರು ದ್ವೈತಿಗಳು. ಮೂಲ ಒಂದೇ, ಆಯಾ ತಾಣಕ್ಕೆ ತಕ್ಕ ವಿಶೇಷಣವನ್ನು ಬಾಲಕ್ಕೆ ಸೇರಿಸುವವರು ವಿಶಿಷ್ಟಾದ್ವೈತಿಗಳು. ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೇ ಅಂಟಿಸುವವರು ಚಾರ್ವಾಕರು, ಅವರಿಗೆ ಪ್ರತ್ಯಕ್ಷವೊಂದೇ ಪ್ರಮಾಣ. ಮೊದಲ ಮೂರೂ ಸಿದ್ಧಾಂತಗಳು ಬಿದ್ದುಹೋಗುತ್ತವೆ. ಎಲ್ಲೋ ಚಿಲ್ಲರೆ ತಾಣದಿಂದ ಕದ್ದ ಪಾಸ್‌ವರ್ಡನ್ನು ಕಳ್ಳರ ಯಂತ್ರಗಳು ಸಾವಿರಾರು ಬಾಗಿಲುಗಳಿಗೆ ಹಾಕಿ ನೋಡುತ್ತವೆ. ಬಾಲ ಊಹಿಸಲು ಅವಕ್ಕೆ ಕ್ಷಣ ಸಾಕು. ಒಂದೊಂದಕ್ಕೂ ಬೇರೆ ಬೇರೆ ಉದ್ದನೆಯ ಪದಗುಚ್ಛ, ಅವನ್ನೆಲ್ಲ ಇಡಲು ಪಾಸ್‌ವರ್ಡ್ ಮ್ಯಾನೇಜರ್, ಮೇಲೆ ಎರಡು ಹಂತದ ದೃಢೀಕರಣ: ಇದೇ ಸಿದ್ಧಾಂತ. ಇದಾಗದಿದ್ದರೆ ಚಾರ್ವಾಕರ ದಾರಿ ಅಷ್ಟೇನೂ ಹೀನವಲ್ಲ ಎಂಬುದು ಈ ವ್ಯಾಖ್ಯಾನಕಾರನ ಮತ. ಚೀಟಿ ಮಾನಿಟರಿನ ಬದಲು ಬೀರುವಿನೊಳಗೆ ಸೇರಲಿ, ಅಷ್ಟೇ. ಎಲ್ಲೋ ದೂರದೇಶದಲ್ಲಿ ಕೂತವನಿಗೆ ನಿಮ್ಮ ರೇಷ್ಮೆ ಸೀರೆಗಳ ಕೆಳಗೆ ಕೈಹಾಕಲು ಬರುವುದಿಲ್ಲ.

ಹಾಗಾದರೆ ಆ ದೊಡ್ಡಕ್ಷರ, ಚಿಕ್ಕಕ್ಷರ, ನಕ್ಷತ್ರ ಚಿಹ್ನೆಗಳ ವಿಧಿ ಯಾವ ಸ್ಮೃತಿಯದು? 2003ರಲ್ಲಿ ಅಮೆರಿಕದ ಮಾನಕ ಸಂಸ್ಥೆಗಾಗಿ ಬಿಲ್ ಬರ್ ಬರೆದ ದಸ್ತಾವೇಜಿನಿಂದ ಅದು ಲೋಕಕ್ಕೆಲ್ಲ ಹಬ್ಬಿತು. 2017ರಲ್ಲಿ ಆ ಸ್ಮೃತಿಕಾರರೇ ಅದರಲ್ಲಿ ಬಹುಪಾಲಿಗೆ ಈಗ ಪಶ್ಚಾತ್ತಾಪಪಡುತ್ತೇನೆಂದು ಪತ್ರಿಕೆಯವರಿಗೆ ಹೇಳಿದರು. ಸಂಸ್ಥೆಯೂ ಕಾರಣವಿಲ್ಲದೆ ಆಗಾಗ ಪಾಸ್‌ವರ್ಡ್ ಬದಲಿಸುವ ವಿಧಿಯನ್ನು ಕೈಬಿಟ್ಟಿತು. ನಮ್ಮ ಕಚೇರಿಗಳಲ್ಲಿ ಅದರ ಶ್ರಾದ್ಧ ಮಾತ್ರ ಮೂರು ತಿಂಗಳಿಗೊಮ್ಮೆ ತಪ್ಪದೆ ನಡೆಯುತ್ತಿದೆ.

ಮೂರನೆಯ ಸೂತ್ರ: ‘ಪತ್ರಿಕೆಗೆ ಬಾಲವಿದ್ದರೆ ಊಟವಿಲ್ಲ.’ 2000ದ ಮೇ 4ರಂದು ಮನಿಲಾದಿಂದ ಹೊರಟ ‘ಐ ಲವ್ ಯು’ ಎಂಬ ಇಮೇಲ್ ಲಕ್ಷಗಟ್ಟಲೆ ಕಂಪ್ಯೂಟರುಗಳನ್ನು ಮಲಗಿಸಿತು. ಲಗತ್ತಿಸಿದ ಪತ್ರದ ಕಡತದ ಹೆಸರಿನ ಕೊನೆಗಿದ್ದ ಬಾಲವನ್ನು ವಿಂಡೋಸ್ ಮುಚ್ಚಿಟ್ಟಿತ್ತು, ಪ್ರೀತಿ ಕಣ್ಣು ಮುಚ್ಚಿತ್ತು. ಈಗ ವಾಟ್ಸ್‌ಆಪಿನಲ್ಲಿ ಲಗ್ನಪತ್ರಿಕೆ ಬರುತ್ತದೆ. ಬಾಲದಲ್ಲಿ ಎಪಿಕೆ ಎಂದಿದೆ, ಒತ್ತಿದರೆ ಫೋನಿನ ಯಜಮಾನಿಕೆ ಬೇರೆಯವರಿಗೆ. ಪ್ರೇಮಪತ್ರದಿಂದ ಲಗ್ನಪತ್ರಿಕೆಗೆ ಬರಲು ಕಳ್ಳರಿಗೆ ಸುಮಾರು ಕಾಲು ಶತಮಾನ ಹಿಡಿಯಿತೆಂಬುದು ಸಮಾಜಶಾಸ್ತ್ರಜ್ಞರು ಗಮನಿಸಬೇಕಾದ ಅಂಶ. ಇದೇ ಅಧಿಕರಣದಲ್ಲಿ ಝೆರಾಕ್ಸ್ ಅಂಗಡಿಯೂ ಬರುತ್ತದೆ. ಒಂದು ಪ್ರತಿಗೆಂದು ಅಂಗಡಿಯ ವಾಟ್ಸ್‌ಆಪಿಗೆ ಕಳಿಸಿದ ಆಧಾರ್ ಕಾರ್ಡು ಅಲ್ಲಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಚಿರಂಜೀವಿಯಾಗಿರುತ್ತದೆ. ಕೊನೆಯ ನಾಲ್ಕಂಕಿ ಮಾತ್ರ ತೋರುವ ಮುಸುಕಿನ ಆಧಾರ್ ಯುಐಡಿಎಐ ತಾಣದಲ್ಲೇ ಸಿಗುತ್ತದೆ, ಯಾರೂ ಇಳಿಸಿಕೊಳ್ಳುವುದಿಲ್ಲ.

ನಾಲ್ಕನೆಯ ಸೂತ್ರವೇ ಗ್ರಂಥದ ಹೃದಯ: ‘ಪರದೆಯಿಂದ ಕೋಳ ಬಾರದು.’ ವಿಡಿಯೊ ಕರೆಯಲ್ಲಿ ಸಮವಸ್ತ್ರ, ಹಿಂದೆ ಠಾಣೆಯ ಬೋರ್ಡು. ‘ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕವಸ್ತು ಸಿಕ್ಕಿದೆ, ನೀವು ಡಿಜಿಟಲ್ ಬಂಧನದಲ್ಲಿದ್ದೀರಿ, ಕರೆ ಕಡಿಯುವಂತಿಲ್ಲ.’ ಜೀವಮಾನದಲ್ಲಿ ಬಸ್ ಟಿಕೆಟನ್ನೂ ತಪ್ಪಿಸದ ನಿವೃತ್ತ ಗುಮಾಸ್ತರು ‘ಸಾರ್, ಬಚ್ಚಲಿಗೆ ಹೋಗಿ ಬರಲಾ?’ ಎಂದು ಅಪ್ಪಣೆ ಕೇಳುತ್ತಾರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಸೆಕ್ಷನ್ ಪ್ರಕಾರ ಬಂಧಿಸುವ ಪೊಲೀಸರು ಮೈಮುಟ್ಟಬೇಕು ಅಥವಾ ಹಿಡಿದಿಡಬೇಕು, ಬಂಧನಕ್ಕೊಳಗಾಗುವಾತ ಮಾತಿನಿಂದಲೋ ನಡತೆಯಿಂದಲೋ ತಾನೇ ಶರಣಾದರೆ ಬೇರೆ ಮಾತು. ಪೂರ್ವಪಕ್ಷಿ ಚಪ್ಪಾಳೆ ತಟ್ಟುತ್ತಾನೆ: ‘ನೋಡಿ, ಗುಮಾಸ್ತರು ಶರಣಾಗಿದ್ದಾರಲ್ಲ!’ ಹೌದು, ಬಾಡಿಗೆಗೆ ತಂದ ಅಂಗಿಗೆ. ಡಿಜಿಟಲ್ ಬಂಧನವೆಂಬುದು ಭಾರತದ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯೇ ಇದನ್ನು ಹೇಳಿದರು. ಕಳ್ಳರೂ ಕೇಳಿಸಿಕೊಂಡಿರಬೇಕು, ವೃತ್ತಿ ಬದಲಿಸಿದಂತೆ ಕಾಣುವುದಿಲ್ಲ. ಅವರು ಕೊರೆಯುವುದು ನಮ್ಮ ಭಯವನ್ನು, ನಮ್ಮ ಮರ್ಯಾದೆಯನ್ನು, ‘ದೊಡ್ಡವರು ಮಾತಾಡುವಾಗ ಫೋನ್ ಇಡಬಾರದು’ ಎಂಬ ಸಂಸ್ಕಾರವನ್ನು. ಶರ್ವಿಲಕನಿಗೆ ಇಷ್ಟು ಮೆತ್ತನೆಯ ಇಟ್ಟಿಗೆ ಸಿಕ್ಕಿರಲಿಲ್ಲ.

ಉಪಸೂತ್ರ ಒಂದಿದೆ: ಬರುವ ಹಣಕ್ಕೆ ಯುಪಿಐ ಪಿನ್ ಬೇಕಿಲ್ಲ. ಇದಕ್ಕೆ ವ್ಯಾಖ್ಯಾನವೂ ಬೇಕಿಲ್ಲ.

ಕೊನೆಗೆ ಫಲಶ್ರುತಿ. ಇದನ್ನು ಪಾರಾಯಣ ಮಾಡಿದವರಿಗೆ ಹೋದ ಹಣ ಬರುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, 66ಡಿ ಸೆಕ್ಷನ್‌ಗಳಲ್ಲಿ ಕಳ್ಳನಿಗೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ, ಅವನು ಸಿಕ್ಕಿದರೆ. ಹಣ ಒಂದು ಖಾತೆಯಿಂದ ಹತ್ತು ಖಾತೆಗೆ ಚದುರುವ ಮುನ್ನ ತಡೆಯುವ ದಾರಿ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡುವುದು. ಮೊದಲು ಆ ಕರೆ ಮಾಡಿ, ಅಳಿಯನಿಗೆ ಆಮೇಲೆ ಹೇಳಿದರಾಯಿತು.