ಗುಮಾಸ್ತಗೊಂದು, ಧಣಿಗೊಂದು

ನೇಸರಗಿಯ ಚಹಾದಂಗಡಿ.

"ಕಾಕಾ, 2013ರ ಕಂಪನಿ ಕಾಯಿದೆ ಬಂದ ಮ್ಯಾಲೆ ಒಳ ನಿಯಂತ್ರಣ ಸರಿ ಅದಾವೋ ಇಲ್ಲೋ ಅಂತ ಆಡಿಟರೂ ಬರದು ಕೊಡಬೇಕ್ರಿ."

"ಹಂಗಾದ್ರ ಕಾಫಿ ಡೇ ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಪ್ರವರ್ತಕರ ಕಂಪನಿಗೆ ಹೋಗಿತ್ತಂತ ಶೇರುಪೇಟಿ ನೋಡಿಕೊಳ್ಳೋ ಸೆಬಿ ಹೇಳ್ತಲ್ಲೋ ತಮ್ಮಾ?"

"ಮಾಲಕರಿಗೆ ಬ್ಯಾಡ ಅನ್ನೋರ್ಯಾರ್ರಿ?"

"ನಮ್ಮ ಸೊಸೈಟ್ಯಾಗ ಗೊಬ್ಬರದ ಚೀಲಕ್ಕೂ ಸಹಿ ಕೇಳ್ತಾರಪಾ!"

ಕಾಕಾನ ಮಾತಿನಲ್ಲಿ ಹುರುಳಿದೆ. ತಪಾಸಣೆಗೆ ಖರ್ಚು ಹೆಚ್ಚು, ಕೆಲಸ ನಿಧಾನ ಎಂಬ ಆಕ್ಷೇಪ ಸುಳ್ಳಲ್ಲ; ಆದರೆ ಆ ನಿಧಾನವೆಲ್ಲ ಗುಮಾಸ್ತನ ಪ್ರಯಾಣಭತ್ಯೆಯ ಚೀಟಿಗೇ ಏಕೆ ಮೀಸಲು? ಕೋಟಿಗಳು ದಾಟುವಾಗ ತಡೆಯಲಾರದ ನಿಯಂತ್ರಣ ಬರೀ ಕಡತದ ಅಲಂಕಾರ. (ಅಲಂಕಾರಕ್ಕೂ ಫೀ ಉಂಟು.) ಕಾಫಿ ಡೇ ಪ್ರಕರಣದಲ್ಲಿ 2023ರ ಜನವರಿಯಲ್ಲಿ ಸೆಬಿ 26 ಕೋಟಿ ರೂಪಾಯಿ ದಂಡ ವಿಧಿಸಿತು.

"ಯಾರಿಗೆ?"

"ಕಂಪನಿಗೆ. ಅಂದ್ರ, ರೊಕ್ಕ ಹಾಕಿದ ಶೇರುದಾರರಿಗೇ ರೀ."