ಸೀಲಿಲ್ಲದ ಮಾಲು ಮಾರಿದ ಚಿರಂಜೀವಿಗೆ

ಹಿರಿಯೂರು
ಅಕ್ಟೋಬರ್ 1, 2025

ಜಿಲ್ಲಾ ಕಾರಾಗೃಹದಲ್ಲಿರುವ ಎದುರುಮನೆ ಚಿರಂಜೀವಿಗೆ ನಿನ್ನ ಮಾಮ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ. ಅತ್ತ ನಿನ್ನ ಕ್ಷೇಮವನ್ನು ಟಿವಿಯಲ್ಲಿ ನೋಡಿದೆ.

ಮೇಜಿನ ಮೇಲೆ 1 ಕಿಲೋ 200 ಗ್ರಾಂ ಗಾಂಜಾ, ಒಂದು ಪುಟ್ಟ ತಕ್ಕಡಿ, ಎರಡು ಮೊಬೈಲು. ಹಿಂದೆ ಸಾಲಾಗಿ ನಿಂತ ಅಬಕಾರಿ ಅಧಿಕಾರಿಗಳು, ಮುಂದೆ ಮುಖಕ್ಕೆ ಟವೆಲ್ ಸುತ್ತಿಕೊಂಡ ನೀನು. ಟವೆಲ್ ನೋಡಿಯೇ ಗುರುತು ಹಿಡಿದೆ. ನಮ್ಮ ಗೃಹಪ್ರವೇಶಕ್ಕೆ ನಾನೇ ಎಲ್ಲರಿಗೂ ಹಂಚಿದ್ದು ಅದು. ಜೈಲಿಗೆ ಬರುವ ಪತ್ರಗಳನ್ನು ಹೇಗೂ ಒಡೆದು ಓದುತ್ತಾರಂತೆ. ಆದ್ದರಿಂದ ಗುಟ್ಟೇಕೆ, ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಈಗ ಒಂದು ನೈಂಟಿ ಆಗಿದೆ. ಅಕ್ಷರ ನಡುಗಿದ್ದರೆ ಅದು ಆ ನೈಂಟಿಯಿಂದಲ್ಲ, ಇನ್ನೊಂದು ಇನ್ನೂ ಆಗದಿರುವುದರಿಂದ.

ಮಗಾ, ಎಂಥ ನಾಚಿಕೆಗೇಡು ಮಾಡಿಬಿಟ್ಟೆ! ನಶೆ ಮಾರಿ ಬದುಕುವುದೇ? ಅದೂ ನಮ್ಮಂಥ ಮರ್ಯಾದಸ್ಥರ ಓಣಿಯಲ್ಲಿ? ಸಹಕಾರ ಸಂಘದಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು ನಾನು. ಲೆಕ್ಕ ತಪ್ಪಿದರೆ ಸಹಿಸಲಾರೆ. ನಿನ್ನ ಲೆಕ್ಕ ತಪ್ಪಿದ್ದು 200 ಗ್ರಾಮಿನಲ್ಲಿ. ಗಾಂಜಾ 1 ಕಿಲೋಗಿಂತ ಕಡಿಮೆಯಿದ್ದರೆ ಕಾನೂನು ಅದನ್ನು ಸಣ್ಣ ಪ್ರಮಾಣ ಎನ್ನುತ್ತದೆ, ಹೆಚ್ಚೆಂದರೆ ಒಂದು ವರ್ಷ. ಅದನ್ನು ಮುಟ್ಟಿದೆಯೋ, 10 ವರ್ಷದವರೆಗೆ ಹಾಕಬಹುದು. 20 ಕಿಲೋ ಮೀರಿದರೆ 10 ವರ್ಷಕ್ಕೆ ಕಡಿಮೆಯೇ ಇಲ್ಲ, 20ರವರೆಗೂ ಏರುತ್ತದೆ. ನಮ್ಮ ಕಡೆ ಲೆಕ್ಕ ತಿರುವುಮುರುವು. ಎಷ್ಟು ಹೆಚ್ಚು ಮಾರಿದರೆ ಅಷ್ಟು ಹೆಚ್ಚು ಗೌರವ. 2025-26ರ ಬಜೆಟ್‌ನಲ್ಲಿ ನಮ್ಮ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಎರಡು ವರ್ಷದ ಹಿಂದೆ ಅದು 36,000 ಕೋಟಿ ಇತ್ತು. ಲಸಿಕೆಗೆ ಗುರಿ ಇರುತ್ತದೆ, ಶಾಲೆಯ ದಾಖಲಾತಿಗೆ ಗುರಿ ಇರುತ್ತದೆ. ಹಾಗೇ ಇದೂ. ಮಾರ್ಚ್ ತಿಂಗಳಲ್ಲಿ ಗುರಿ ಮುಟ್ಟಲಿಲ್ಲವೆಂದರೆ ಅಧಿಕಾರಿಗಳಿಗೆ ನಿದ್ದೆ ಬರುವುದಿಲ್ಲ. ಅವರು ನೆಮ್ಮದಿಯಾಗಿ ಮಲಗಲೆಂದೇ ನಮ್ಮಂಥವರು ಎಚ್ಚರವಿಲ್ಲದೆ ಬೀಳುತ್ತೇವೆ.

ಅದೇ ಇಲಾಖೆಯ ಜೀಪು ಹನೂರಿನ ಕಡೆ ಜೋಳದ ಹೊಲಕ್ಕೆ ನುಗ್ಗಿ ಗಾಂಜಾ ಗಿಡ ಕಿತ್ತು ತರುತ್ತದೆ. ಬೆಳಿಗ್ಗೆ ನಶೆಯ ಗಿಡ ಕೀಳಬೇಕು, ಸಂಜೆ ನಶೆಯ ವಹಿವಾಟು ಯಾಕೆ ಇಳಿಯಿತೆಂದು ಮೇಲಿನವರಿಗೆ ವಿವರಣೆ ಬರೆಯಬೇಕು. ಪಾಪ, ಆ ಗಾರ್ಡುಗಳ ಕಷ್ಟ ನಿನಗೇನು ಗೊತ್ತು.

ನೀನು ಮಾಡಿದ ಮೊದಲನೆಯ ತಪ್ಪು, ಒಂಟಿಯಾಗಿ ವ್ಯಾಪಾರಕ್ಕೆ ಇಳಿದದ್ದು. ಮೊದಲು ಒಂದು ನಿಗಮ ಮಾಡಿಕೊಳ್ಳಬೇಕಿತ್ತು. ರಾಜ್ಯದಲ್ಲಿ ಮದ್ಯದ ಸಗಟು ವ್ಯವಹಾರವೆಲ್ಲ 2003ರಿಂದ ಒಂದೇ ಸರ್ಕಾರಿ ನಿಗಮದ ಕೈಯಲ್ಲಿದೆ. ಹೆಸರು ಕರ್ನಾಟಕ ರಾಜ್ಯ ಪಾನೀಯ ನಿಗಮ. ಪಾನೀಯ! ಕೇಳಿದರೆ ರಾಮನವಮಿಯ ಪಾನಕ ನೆನಪಾಗಬೇಕು. ಎಂಎಸ್‌ಐಎಲ್ ನೋಡು, 1966ರಲ್ಲಿ ಶುರುವಾದ ಸರ್ಕಾರಿ ಕಂಪನಿ. ‘ಲೇಖಕ್’ ನೋಟ್‌ಬುಕ್ ಮಾಡುವುದೂ ಅದೇ, ಊರೂರಿಗೆ ಮದ್ಯದ ಮಳಿಗೆ ತೆರೆದದ್ದೂ ಅದೇ. ನೀನು ಅದೇ ನೋಟ್‌ಬುಕ್ಕಿನಲ್ಲಿ ಮಗ್ಗಿ ಬರೆದೆ, ನಿಮ್ಮಪ್ಪ ಅದೇ ಕಂಪನಿಯ ಬಾಟಲಿ ಎತ್ತಿದ. ಒಂದೇ ಮನೆಯ ಎರಡು ತಲೆಮಾರನ್ನು ಇಷ್ಟು ಪ್ರೀತಿಯಿಂದ ನೋಡಿಕೊಂಡ ಸಂಸ್ಥೆ ಇನ್ನೊಂದಿಲ್ಲ. ಇನ್ನು ಮದ್ಯಪಾನ ಸಂಯಮ ಮಂಡಳಿ ಅಂತಲೂ ಒಂದಿದೆ. ಸಂಯಮ ಎನ್ನುವ ಪದ ಗಮನಿಸು. ಗಾಂಜಾ ಸಂಯಮ ಮಂಡಳಿ ಎಂದು ಯಾರಾದರೂ ಬೋರ್ಡು ಹಾಕಲಿ ನೋಡೋಣ.

ಎರಡನೆಯದು ಭಾಷೆಯ ತಪ್ಪು. ನೀನು ಗಿರಾಕಿಗಳನ್ನು ಹುಡುಕಿದೆ. ನಮ್ಮನ್ನು ಯಾರೂ ಗಿರಾಕಿ ಎನ್ನುವುದಿಲ್ಲ. ಬೆಲೆ ಏರಿದ ದಿನ ಟಿವಿಯವರು ‘ಮದ್ಯಪ್ರಿಯರಿಗೆ ಶಾಕ್’ ಎನ್ನುತ್ತಾರೆ, ಇಳಿದ ದಿನ ‘ಮದ್ಯಪ್ರಿಯರಿಗೆ ಸಿಹಿಸುದ್ದಿ’. ಕಾವ್ಯಪ್ರಿಯ, ಸಂಗೀತಪ್ರಿಯ ಎನ್ನುವ ಹಾಗೆ. 2024ರ ಆಗಸ್ಟಿನಲ್ಲಿ ಸರ್ಕಾರ ದುಬಾರಿ ಬ್ರ್ಯಾಂಡುಗಳ ಬೆಲೆ ಇಳಿಸಿದಾಗ ಆ ಸಿಹಿಸುದ್ದಿಯನ್ನು ನಾನು ಮೂರು ಚಾನೆಲ್‌ಗಳಲ್ಲಿ ನೋಡಿದೆ, ನಾನು ಕುಡಿಯುವುದು ಅಗ್ಗದ್ದೇ ಆದರೂ. ನಿನ್ನ ಸುದ್ದಿಯಲ್ಲಿ ಮಾತ್ರ ಪೆಡ್ಲರ್, ನಶೆ ಲೋಕ, ಗಾಂಜಾ ಗ್ಯಾಂಗ್. ಗಾಂಜಾಪ್ರಿಯ ಎಂಬ ಪದ ಕನ್ನಡದಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಬೇಕಾದರೆ ಮೊದಲು ಅದಕ್ಕೆ ತೆರಿಗೆ ಬೀಳಬೇಕು.

2020ನೇ ಇಸವಿಯನ್ನು ಮರೆತೆಯಾ? ಲಾಕ್‌ಡೌನ್ ಮುಗಿಯುವ ಮೊದಲೇ ಮೇ 4ರಂದು ಮದ್ಯದಂಗಡಿ ತೆರೆದರಲ್ಲ. ದೇವಸ್ಥಾನಗಳಿಗೆ ಇನ್ನೂ ಬೀಗ. ಕೆಲವು ಕಡೆ ಜನ ಅಂಗಡಿಯ ಬಾಗಿಲಿಗೇ ಪೂಜೆ ಮಾಡಿ ಕಾಯಿ ಒಡೆದರು, ಪಟಾಕಿ ಹಚ್ಚಿದರು. ಒಂದೇ ದಿನಕ್ಕೆ 45 ಕೋಟಿ ರೂಪಾಯಿಯ ವ್ಯಾಪಾರ ಎಂದು ಪತ್ರಿಕೆಗಳು ಬರೆದವು. ಬೆಂಗಳೂರಿನ ಯಾರೋ ಪುಣ್ಯಾತ್ಮನ 52,841 ರೂಪಾಯಿಯ ಬಿಲ್ಲು ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿತು. ಅಂಗಡಿ ಎದುರು ಸುಣ್ಣದಲ್ಲಿ ಬರೆದ ವೃತ್ತದೊಳಗೆ ನಾನೂ ನಾಲ್ಕು ಗಂಟೆ ನಿಂತೆ. ಪೊಲೀಸರು ಲಾಠಿ ಹಿಡಿದಿದ್ದರು, ಹೊಡೆಯುವುದಕ್ಕಲ್ಲ, ಸಾಲು ನೆಟ್ಟಗಿರಲಿ ಎಂದು. ‘ರಾಜ್ಯದ ಬೊಕ್ಕಸ ತುಂಬಿಸುವ ಯೋಧರು’ ಎಂದು ನಮ್ಮನ್ನು ತಮಾಷೆಗೆ ಕರೆದರು. ನಾನು ತಮಾಷೆ ಎಂದುಕೊಳ್ಳಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸ್ಯಾಂಡಲ್‌ವುಡ್ ಡ್ರಗ್ಸ್ ಪ್ರಕರಣ ಬಂತು. ನಾಡಿನ ಸಂಸ್ಕೃತಿ ಕೆಟ್ಟಿತೆಂದು ರಾತ್ರಿಯಿಡೀ ಚರ್ಚೆ. ಮೇ ತಿಂಗಳಲ್ಲಿ ಕಾಯಿ ಒಡೆದು ಕಾಪಾಡಿದ ಸಂಸ್ಕೃತಿ ನಾಲ್ಕೇ ತಿಂಗಳಿಗೆ ಹೀಗಾದದ್ದಕ್ಕೆ ನನಗೂ ದುಃಖವಾಯಿತು. ಚರ್ಚೆ ನೋಡುತ್ತ ನೋಡುತ್ತ ಒಂದು ಕ್ವಾರ್ಟರ್ ಮುಗಿದದ್ದೇ ತಿಳಿಯಲಿಲ್ಲ.

‘ಇದೆಲ್ಲ ಯಾವ ನ್ಯಾಯ ಮಾಮ’ ಎಂದು ನೀನು ಕೇಳಬಹುದು. ಸಂವಿಧಾನ ಓದು. 47ನೇ ವಿಧಿಯಲ್ಲಿ, ಅಮಲೇರಿಸುವ ಪಾನೀಯಗಳನ್ನೂ ಆರೋಗ್ಯಕ್ಕೆ ಹಾನಿಯಾಗುವ ಮಾದಕ ದ್ರವ್ಯಗಳನ್ನೂ ಔಷಧಕ್ಕಲ್ಲದೆ ಬಳಸದಂತೆ ನಿಷೇಧಿಸಲು ರಾಜ್ಯ ಪ್ರಯತ್ನಿಸಬೇಕು ಎಂದಿದೆ. ಎರಡೂ ಒಂದೇ ವಾಕ್ಯದಲ್ಲಿ, ನಡುವೆ ಒಂದು ‘ಮತ್ತು’. ಓದಿದವರು ‘ಮತ್ತು’ವಿನ ಆಚೆಯದನ್ನು ಕಾನೂನು ಮಾಡಿದರು, ಈಚೆಯದನ್ನು ಬಜೆಟ್ ಮಾಡಿದರು.

ಆಚೆಯದು ಕೂಡ ಮೊದಲಿಂದ ಪಾಪವೇನಾಗಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಗಾಂಜಾಕ್ಕೂ ಅಬಕಾರಿ ಸುಂಕವಿತ್ತು, ಪರವಾನಗಿಯ ಅಂಗಡಿಗಳಿದ್ದವು. 1893-94ರಲ್ಲಿ ಒಂದು ಆಯೋಗ ಕೂರಿಸಿ, ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ, ಪೂರ್ತಿ ನಿಷೇಧ ಬೇಡ, ಸುಂಕ ಹಾಕಿ ಹತೋಟಿಯಲ್ಲಿಡೋಣ ಎಂದರು. ಬಿಳಿಯರಿಗೆ ನಮ್ಮ ಮೇಲೆ ಪ್ರೀತಿ ಉಕ್ಕಿ ಹಾಗೆಂದದ್ದಲ್ಲ, ಅವರೂ ಲೆಕ್ಕದವರೇ. 1985ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ, ನಿನ್ನನ್ನು ಒಳಗೆ ಹಾಕಿದ ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂತು. ಅದರಲ್ಲೂ ಒಂದು ಸೊಗಸಿದೆ. ಗಿಡದ ಹೂವಿನ ತುದಿ ಮಾರಿದರೆ ಜೈಲು. ಬರಿಯ ಎಲೆ ಗಾಂಜಾದ ವ್ಯಾಖ್ಯೆಗೇ ಬರುವುದಿಲ್ಲ. ಅದನ್ನು ಅರೆದು ಭಾಂಗ್ ಮಾಡಿದರೆ ರಾಜಸ್ಥಾನದ ಜೈಸಲ್ಮೇರಿನಲ್ಲಿ ಸರ್ಕಾರದ ಪರವಾನಗಿ ಇರುವ ಅಂಗಡಿಯಲ್ಲೇ ಲೋಟಕ್ಕೆ ಸುರಿದು ಕೊಡುತ್ತಾರೆ. ಒಂದೇ ಗಿಡ, ನಡುವೆ ಗೇಣುದ್ದ ಕಾಂಡ. ಕೆಳಗೆ ವ್ಯಾಪಾರ, ಮೇಲೆ ಅಪರಾಧ.

ಎಣ್ಣೆಯನ್ನೂ ನಿಷೇಧಿಸಿ ಎಂದರೆ ತಿಳಿದವರು ತಕ್ಷಣ ಹೇಳುತ್ತಾರೆ: ಕಳ್ಳಭಟ್ಟಿ ಹೆಚ್ಚುತ್ತದೆ, ದಂಧೆಕೋರರು ಕೊಬ್ಬುತ್ತಾರೆ, ಬಡವರು ವಿಷ ಕುಡಿದು ಸಾಯುತ್ತಾರೆ. ಇದು ಸುಳ್ಳಲ್ಲ. 1981ರಲ್ಲಿ ಬೆಂಗಳೂರಿನಲ್ಲೇ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2016ರಲ್ಲಿ ನಿಷೇಧ ತಂದ ಬಿಹಾರದಲ್ಲೂ ಹೆಣ ಬೀಳುವುದು ನಿಂತಿಲ್ಲ. ನಮ್ಮಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿದರು. ನಾನೇನು ಕುಡಿಯುವುದು ಬಿಟ್ಟೆನೇ? ಪ್ಯಾಕೆಟ್ಟಿನಿಂದ ವಿಸ್ಕಿಗೆ ಬಡ್ತಿ ಪಡೆದೆ, ಸರ್ಕಾರದ ಆದಾಯಕ್ಕೂ ಬಡ್ತಿ ಸಿಕ್ಕಿತು. ಆದರೆ ನಿಷೇಧ ಮಾಡಿದರೆ ದಂಧೆ ಬೆಳೆಯುತ್ತದೆ ಎಂಬ ಈ ಜಾಣ ಮಾತು ನಿನ್ನ ಮಾಲಿನ ಹತ್ತಿರ ಬಂದಾಗ ಎಲ್ಲರ ಬಾಯೂ ಕಟ್ಟಿಹೋಗುತ್ತದೆ. ಯಾಕೆ ಎಂದು ನನ್ನನ್ನು ಕೇಳಬೇಡ, ಒಂದು ನೈಂಟಿಯಲ್ಲಿ ಅಷ್ಟೆಲ್ಲ ಹೊಳೆಯುವುದಿಲ್ಲ.

ಹಾಗಂತ ನೀನು ಮಾರಿದ್ದು ತುಳಸಿಯೆಂದು ನಾನು ಹೇಳುವುದಿಲ್ಲ. ಹಿಂದಿನ ಬೀದಿಯ ಹುಡುಗ ಕಾಲೇಜು ಬಿಟ್ಟು ಗೋಡೆ ನೋಡುತ್ತ ಕೂತಿದ್ದಾನೆ, ಅವನ ತಾಯಿ ಅಳುವುದು ನಮ್ಮ ಮನೆಗೆ ಕೇಳಿಸುತ್ತದೆ. ಅದು ದೊಡ್ಡ ಸುದ್ದಿಯಾಯಿತು. ನಮ್ಮ ಓಣಿಯಲ್ಲಿ ಕುಡಿತದಿಂದ ಅಳುವ ಮನೆ ಆರಿವೆ, ನಿಮ್ಮದೂ ಸೇರಿ. ಅದು ಸುದ್ದಿಯಲ್ಲ, ವಾಡಿಕೆ. 2019ರಲ್ಲಿ ಏಮ್ಸ್‌ನವರು ದೇಶವೆಲ್ಲ ಲೆಕ್ಕ ಹಾಕಿ, ಮದ್ಯ ಕುಡಿಯುವವರು 16 ಕೋಟಿ, ಭಾಂಗ್ ಗಾಂಜಾ ಚರಸ್ ಎಲ್ಲ ಸೇರಿ ಬಳಸುವವರು 3.1 ಕೋಟಿ ಎಂದರು. ಮದ್ಯದಿಂದ ಬಿಡಿಸಲು ನೆರವು ಬೇಕಾದವರೇ 5.7 ಕೋಟಿ. ಲೋಕದಲ್ಲಿ 2019ರ ಒಂದೇ ವರ್ಷದಲ್ಲಿ ಮದ್ಯದಿಂದ ಸತ್ತವರು 26 ಲಕ್ಷ, ಮಾದಕ ದ್ರವ್ಯಗಳಿಂದ 6 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಬರೆದಿದೆ. ನೋಡಿದೆಯಾ? ಇದರಲ್ಲೂ ನಾವೇ ಮುಂದೆ. ನೀವು ಇನ್ನೂ ಬಹಳ ಬೆಳೆಯಬೇಕು.

ಬೆಳೆಯುವುದು ಹೇಗೆಂದು ಬೆಂಗಳೂರಿಗೆ ಹೋದಾಗ ನೋಡು. ಊರ ನಡುಮಧ್ಯೆ ಮದ್ಯದ ಉದ್ಯಮಿ ವಿಠಲ್ ಮಲ್ಯರ ಹೆಸರಿನ ರಸ್ತೆ ಇದೆ. ಅವರ ಮಗ ವಿಜಯ್ ಮಲ್ಯರನ್ನು ನಮ್ಮ ಶಾಸಕರು 2002ರಲ್ಲೂ 2010ರಲ್ಲೂ ರಾಜ್ಯಸಭೆಗೆ ಕಳಿಸಿದರು. 2009ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಗಾಂಧೀಜಿಯ ಕನ್ನಡಕ, ಚಪ್ಪಲಿ, ಗಡಿಯಾರಗಳನ್ನು 18 ಲಕ್ಷ ಡಾಲರಿಗೆ ಕೂಗಿದವರು ಅವರೇ. ಮದ್ಯ ಬೇಡವೆಂದು ಸಾಯುವವರೆಗೂ ಹೇಳಿದ ಮುದುಕನ ಕನ್ನಡಕವನ್ನು ಮದ್ಯದ ದುಡ್ಡು ಬಿಡಿಸಿಕೊಂಡಿತು, ದೇಶ ಚಪ್ಪಾಳೆ ತಟ್ಟಿತು. ನಿನ್ನ ಹೆಸರನ್ನು ನಮ್ಮ ಓಣಿಯ ಚರಂಡಿಗೂ ಇಡುವುದಿಲ್ಲ ಮಗಾ.

ಹೆಂಗಸರದೇ ಒಂದು ತಕರಾರು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೊರಟರು. ನಮ್ಮೂರ ಹೆದ್ದಾರಿಯ ಮೇಲೇ ಹಾದುಹೋದರು. ನಿನ್ನತ್ತೆಯೂ ಸೇರಿಕೊಳ್ಳುತ್ತೇನೆಂದು ಚಪ್ಪಲಿ ಮೆಟ್ಟಿದ್ದಳು. ಹೋಗಲಾಗಲಿಲ್ಲ. ಹಿಂದಿನ ರಾತ್ರಿ ಎಡಗೈ ಮುರಿದಿತ್ತು. ಬಚ್ಚಲಲ್ಲಿ ಜಾರಿ ಬಿದ್ದದ್ದು ಎಂದು ಆಸ್ಪತ್ರೆಯ ಚೀಟಿಯಲ್ಲಿ ಬರೆಸಿದ್ದೇವೆ.

ಈಗ ಅವಳ ಖಾತೆಗೆ ತಿಂಗಳಿಗೆ 2,000 ರೂಪಾಯಿ ಗೃಹಲಕ್ಷ್ಮಿ ಬರುತ್ತದೆ. ಪಾಸ್‌ಬುಕ್ ನನ್ನ ಬಳಿ ಇದೆ. ಸರ್ಕಾರ ಅವಳಿಗೆ ಕೊಡುತ್ತದೆ, ನಾನು ಅದನ್ನು ನಿಯತ್ತಾಗಿ ಸರ್ಕಾರಕ್ಕೇ ಹಿಂದಿರುಗಿಸುತ್ತೇನೆ. ಈ ಮಾರ್ಚಿನಲ್ಲಿ ವಿಧಾನಸಭೆಯಲ್ಲಿ ಒಬ್ಬ ಶಾಸಕರು ಎದ್ದು, ಹೆಂಗಸರಿಗೆ 2,000 ಕೊಡುತ್ತೀರಿ, ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಪುಕ್ಕಟೆ ಕೊಡಿ ಎಂದರು. ಸದನ ನಕ್ಕಿತು. ಸದನದಲ್ಲಿ ಯಾರಾದರೂ ವಾರಕ್ಕೆ ಎರಡು ಪೊಟ್ಟಣ ಗಾಂಜಾ ಕೊಡಿ ಎಂದಿದ್ದರೆ ಹೀಗೆ ನಗುತ್ತಿತ್ತೇ? ಎಲ್ಲಿ ನಗಬೇಕು, ಎಲ್ಲಿ ಹೌಹಾರಬೇಕು ಎಂಬುದು ಗೊತ್ತಿದ್ದರೆ ಸಾಕು, ಮರ್ಯಾದಸ್ಥ ಎನ್ನಿಸಿಕೊಳ್ಳಲು ಬೇರೇನೂ ಬೇಡ.

ನಿನ್ನ ಜಾಮೀನಿಗೆ ಸಹಿ ಹಾಕಲು ನಿಮ್ಮಮ್ಮ ನನ್ನನ್ನು ಕೇಳಿದಳು. ಇಂಥ ಕೇಸಿಗೆ ಹೆಸರು ಕೊಡುವುದು ನಮ್ಮ ಮನೆತನಕ್ಕೆ ಆಗಿಬರುವುದಿಲ್ಲ ಎಂದು ಹೇಳಿ ಕಳಿಸಿದೆ. ಬೇಜಾರು ಮಾಡಿಕೊಳ್ಳಬೇಡ. ನಿನ್ನ ಮೇಲೆ ಪ್ರೀತಿಯಿಲ್ಲವೆಂದಲ್ಲ. ನೀನು ಎಂಟನೇ ಕ್ಲಾಸಿನಲ್ಲಿದ್ದಾಗ ದಿನಾ ಸಂಜೆ ನನಗೆ ಕ್ವಾರ್ಟರ್ ತಂದುಕೊಡುತ್ತಿದ್ದೆ, ಸ್ಕೂಲು ಚೀಲದಲ್ಲಿ, ನೋಟ್‌ಬುಕ್ಕುಗಳ ನಡುವೆ, ಒಂದು ದಿನವೂ ಒಡೆಯದಂತೆ. ಉಳಿದ ಚಿಲ್ಲರೆ ನೀನೇ ಇಟ್ಟುಕೋ ಎನ್ನುತ್ತಿದ್ದೆ. ಅಷ್ಟು ಜೋಪಾನವಾಗಿದ್ದ ಹುಡುಗ ಎಲ್ಲಿ ದಾರಿ ತಪ್ಪಿದನೋ ತಿಳಿಯುತ್ತಿಲ್ಲ.

ಇಂತಿ ನಿನ್ನ ಹಿತೈಷಿ,
ಎದುರುಮನೆ ಮಾಮ

ವಿ.ಸೂ.: ನಾಳೆ ಗಾಂಧಿ ಜಯಂತಿ, ಅಂಗಡಿ ಇರುವುದಿಲ್ಲ. ಇವತ್ತೇ ಎರಡು ತರಿಸಿಟ್ಟಿದ್ದೇನೆ. ನಿನ್ನ ತಮ್ಮ ತಂದುಕೊಟ್ಟ. ಏಳನೇ ಕ್ಲಾಸಾದರೂ ಚುರುಕಾಗಿದ್ದಾನೆ. ಚಿಲ್ಲರೆ ಅವನೇ ಇಟ್ಟುಕೊಂಡ.